ತಂತಿ ಮರೆಯಾಗುವ ಬಿಸಿ

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿ ಇಲ್ಲ. ಆದರೆ ಎರಡು ಸಾವಿರ ಡಿಗ್ರಿ ಬಿಸಿಯನ್ನು ಕಣ್ಣಿನಲ್ಲಿ ಅಳೆದಿದ್ದೇನೆ. ಹೀಗೆ ಹೇಳಿದರೆ ಈಗಿನ ಹುಡುಗಿಯರು ನಗುತ್ತಾರೆ. ನಗಲಿ. ನನ್ನ ಮೊಮ್ಮಗಳು ರೂಪ ಈ ವರ್ಷ ಒಂದು ಕಾಲೇಜಿನ ಲ್ಯಾಬಿಗೆ ಕೆಲಸಕ್ಕೆ ಸೇರಿದಳು. ಒಂದು ವಾರ ಆಗುವುದರೊಳಗೆ ಬಂದು, “ಅಲ್ಲೇನೂ ಇಲ್ಲ ಕಣಜ್ಜಿ, ಗಾಜು ತೊಳೆಯಾದು, ಒರೆಸಾದು, ಅಷ್ಟೇಯ” ಅಂತ ಮೂತಿ ತಿರುಗಿಸಿದಳು. ಅಷ್ಟೇ ಅಂತೆ. ಆ ‘ಅಷ್ಟೇ’ಯಲ್ಲಿ ಏನೇನಿರುತ್ತದೆ ಅಂತ ಅವಳಿಗೂ ಅವಳಂಥವರಿಗೂ ತಿಳಿಯಲಿ ಎಂದು ಇದನ್ನು ಬರೆದಿದ್ದೇನೆ. ತಪ್ಪು ಒಪ್ಪು ಅವಳೇ ತಿದ್ದಿಕೊಟ್ಟಿದ್ದಾಳೆ.

ಕಾಲೇಜಿನ ಕೆಲಸಕ್ಕೆ ಸೇರುವ ಮುಂಚೆ ನಾನು ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಆರಿಸುತ್ತಿದ್ದೆ. ಒಂದೊಂದು ಇಡೀ ಕೊಬ್ಬರಿ ಗಿಟುಕನ್ನೂ ಕೈಯಲ್ಲಿ ತಿರುಗಿಸಿ ಬಣ್ಣ ನೋಡಿ, ಇದು ಮೊದಲ ರಾಶಿಗೆ, ಇದು ಎರಡನೆಯದಕ್ಕೆ, ಇದು ಎಣ್ಣೆಗೆ ಅಂತ ಎಸೆಯುವ ಕೆಲಸ. ಗಂಡ ತೀರಿಕೊಂಡ ಮೇಲೆ ಕಾಲೇಜಿನಲ್ಲಿ ಕಸ ಗುಡಿಸಲು ತೆಗೆದುಕೊಂಡರು. ಎಪ್ಪತ್ತರ ದಶಕದ ನಡುವಿನ ಮಾತು.

ಕಾಲೇಜಿನ ಹಿಂದುಗಡೆ ಶೀಟು ಹೊದಿಸಿದ ಒಂದು ಕೋಣೆ ಇತ್ತು. ಅದರಲ್ಲಿ ಮರುಳಯ್ಯ ಮೇಷ್ಟ್ರ ಕುಲುಮೆ. ಮೇಷ್ಟ್ರು ತುರುವೇಕೆರೆ ಕಡೆಯವರು, ರಸಾಯನಶಾಸ್ತ್ರದ ಪಾಠ ಮಾಡುತ್ತಿದ್ದರು. ಬೆಂಗಳೂರಿನಲ್ಲಿ ಓದುವಾಗ ಹಿಡಿದ ಹುಚ್ಚು ಊರಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಅಲ್ಲಿನ ದೊಡ್ಡ ಲ್ಯಾಬೊಂದು ಮೂಲೆಗೆ ತಳ್ಳಿದ್ದ ಕುಲುಮೆಯನ್ನು ಎರವಲು ಬೇಡಿ, ಲಾರಿಯಲ್ಲಿ ಹಾಕಿಸಿಕೊಂಡು ಬಂದಿದ್ದರು. ಯಾವತ್ತಾದರೂ ವಾಪಸು ಕೊಡಬೇಕಾದದ್ದೇ.

ಅಲ್ಲಿ ಅಳೆಯುತ್ತಿದ್ದದ್ದು ಬೋರೈಡು. ಗಟ್ಟಿ ಲೋಹದ ಜೊತೆ ಬೋರಾನ್ ಸೇರಿ ಆಗುವ ವಸ್ತು, ನೋಡಲು ಒಡೆದ ಸ್ಲೇಟಿನ ಚೂರು. ಕಬ್ಬಿಣ ನೀರಾಗುವ ಬಿಸಿಯಲ್ಲೂ ಇದಕ್ಕೆ ಏನೂ ಆಗುವುದಿಲ್ಲ. ರಾಕೆಟ್ಟಿನ ಮೂತಿಗೆ, ದೊಡ್ಡ ಕುಲುಮೆಗಳ ಒಳಮೈಗೆ ಬೇಕಂತೆ. ಬಳಸಬೇಕಾದರೆ ಎಷ್ಟು ಬಿಸಿಗೆ ಅದು ಎಷ್ಟು ಶಾಖ ಕುಡಿಯುತ್ತದೆ ಅಂತ ಮೊದಲು ಗೊತ್ತಾಗಬೇಕು. ಮೇಷ್ಟ್ರ ಹತ್ತಿರ ಮೂರು ಬಗೆ ಇದ್ದವು: ಟೈಟಾನಿಯಂ ಬೋರೈಡು, ಜಿರ್ಕೋನಿಯಂ ಬೋರೈಡು, ಹಾಫ್ನಿಯಂ ಬೋರೈಡು. ಮೂರನೆಯದರದು ಒಂದೇ ಒಂದು ಬಿಲ್ಲೆ. ಅದನ್ನು ಹತ್ತಿಯಲ್ಲಿ ಸುತ್ತಿ ಬೀಗ ಹಾಕಿ ಇಡುತ್ತಿದ್ದರು.

ಕೆಲಸ ಹೇಗೆ ಅಂದರೆ, ಬಿಲ್ಲೆಯನ್ನು ಗ್ರಾಫೈಟಿನ ಪುಟ್ಟ ಡಬ್ಬಿಯಲ್ಲಿ ಹಾಕಿ, ಸಣ್ಣ ಸರಿಗೆಯಿಂದ ಕುಲುಮೆಯ ಕೊಳವೆಯೊಳಗೆ ನೇತುಹಾಕುವುದು. ಒಳಗಿನ ಗಾಳಿ ತೆಗೆದು ಆರ್ಗಾನ್ ತುಂಬಿ ಕಾಯಿಸುವುದು. ಬಿಸಿ ಅಲುಗಾಡದೆ ನಿಂತ ಮೇಲೆ ಸರಿಗೆಗೆ ಕರೆಂಟು ಕೊಟ್ಟು ಸುಟ್ಟರೆ ಡಬ್ಬಿ ಕೆಳಗೆ ಬೀಳುತ್ತದೆ. ಕೆಳಗೆ ಗುಳಿ ತೋಡಿದ ತಾಮ್ರದ ದಿಮ್ಮಿ. ಡಬ್ಬಿ ತನ್ನ ಬಿಸಿಯನ್ನೆಲ್ಲ ತಾಮ್ರಕ್ಕೆ ಕೊಡುತ್ತದೆ. ತಾಮ್ರ ಎಷ್ಟು ಬಿಸಿಯಾಯಿತೆಂದು ಥರ್ಮಾಮೀಟರಿನಲ್ಲಿ ಓದಿದರೆ ಬೋರೈಡು ಕುಡಿದ ಶಾಖ ಸಿಕ್ಕಿತು. ಒಂದು ಸಲ ಬೀಳಿಸಲು ಒಂದಿಡೀ ದಿನ.

ಕೆಲವು ದಿನ ಬರೀ ಡಬ್ಬಿಯನ್ನು ಕಾಯಿಸಿ ಬೀಳಿಸುತ್ತಿದ್ದರು. ನಾನು ಕಸಬರಿಕೆ ಹಿಡಿದುಕೊಂಡೇ ಕೇಳಿದ್ದೆ.

“ಅಲ್ಲಾ ಸಾ, ಖಾಲಿ ಡಬ್ಬೀನ ಯಾಕೆ ಕಾಯಿಸ್ತೀರಾ? ಕರೆಂಟು ದಂಡ ಅಲ್ವಾ?”

“ಮಂಡೀಲಿ ಚೀಲದ ತೂಕ ಕಳೀತಿರಲಿಲ್ವೇನಮ್ಮ ಗಂಗಮ್ಮ? ಇದೂ ಹಂಗೇ. ಡಬ್ಬಿ ಕುಡಿದಿದ್ದ ಕಳೆದರೆ ಉಳಿದಿದ್ದು ಬೋರೈಡಿಂದು.”

ಅಷ್ಟು ಸಲೀಸಾಗಿ ಯಾರೂ ನನಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ಮಾರನೆಯ ದಿನದಿಂದ ಆ ಕೋಣೆಯನ್ನು ಎರಡು ಸಲ ಗುಡಿಸತೊಡಗಿದೆ.

ಕೋಣೆಯಲ್ಲಿದ್ದ ಇನ್ನೊಬ್ಬರು ಬಾಬು ಸಾಬರು, ಕರೆಂಟಿನವರು. ಊರಿನ ಹಿಟ್ಟಿನ ಗಿರಣಿ, ಎಣ್ಣೆ ಮಿಲ್ಲು ಓಡುವಾಗ ವೋಲ್ಟೇಜು ಕುಣಿಯುತ್ತಿತ್ತು. ಅದಕ್ಕೆ ಮಿಲ್ಲುಗಳಿಗೆ ರಜೆ ಇರುವ ದಿನವೇ ನಮಗೆ ಕೆಲಸ. ಆ ದಿನವೂ ಬಾಬು ಸಾಬರು ಟ್ರಾನ್ಸ್‌ಫಾರ್ಮರಿನ ಚಕ್ರ ಹಿಡಿದು, ಹಟಮಾರಿ ಹಸುವನ್ನು ಗದರಿಸುವ ಹಾಗೆ ಅದನ್ನು ಗದರಿಸುತ್ತ ಕೂತಿರುತ್ತಿದ್ದರು.

ನಾನು ಕಣ್ಣಿನ ಕೆಲಸಕ್ಕೆ ಬಂದದ್ದು ಆಕಸ್ಮಿಕ. ಅಷ್ಟು ಬಿಸಿಗೆ ಯಾವ ಥರ್ಮಾಮೀಟರೂ ತಡೆಯುವುದಿಲ್ಲ. ಕುಲುಮೆಗೆ ಒಂದು ರೂಪಾಯಿ ಅಗಲದ ಗಾಜಿನ ಕಿಂಡಿ ಇತ್ತು. ಅದರ ಮುಂದೆ ಪೈರೋಮೀಟರ್ ಅನ್ನುವ ದುರ್ಬೀನು, ಅದರೊಳಗೆ ಕೆಂಪು ಗಾಜು. ಅದರಲ್ಲಿ ಕಣ್ಣಿಟ್ಟರೆ ಕುಲುಮೆಯ ಒಳಗೆ ಕೆಂಪು ಬಯಲು ಕಾಣುತ್ತದೆ, ನಡುವೆ ಕೂದಲಿನಂಥ ಒಂದು ತಂತಿ. ತಂತಿಯೂ ಕರೆಂಟಿನಿಂದ ಉರಿಯುತ್ತಿರುತ್ತದೆ. ತಿರುಪು ಕಡಿಮೆ ಮಾಡಿದರೆ ತಂತಿ ಕಪ್ಪಗೆ, ಹೆಚ್ಚು ಮಾಡಿದರೆ ಝಗ್ಗನೆ. ಕುಲುಮೆಯ ಹೊಳಪು, ತಂತಿಯ ಹೊಳಪು ಒಂದೇ ಆದಾಗ ತಂತಿ ಇದ್ದಲ್ಲೇ ಮರೆಯಾಗುತ್ತದೆ. ಆಗ ತಿರುಪಿನ ಮೇಲಿರುವ ಅಂಕಿಯೇ ಕುಲುಮೆಯ ಬಿಸಿ.

ಮೇಷ್ಟ್ರಿಗೆ ದಪ್ಪ ಕನ್ನಡಕ. ಒಂದು ದಿನ ಅವರ ಕಣ್ಣು ಬಳಲಿ ನೀರು ಸುರಿಯುತ್ತಿತ್ತು. ಬಾಬು ಸಾಬರು ನೋಡಿದರು, ಏನೂ ತಿಳಿಯಲಿಲ್ಲ.

“ಏ ಗಂಗಕ್ಕಾ, ಬಾರಕ್ಕಾ ಇಲ್ಲಿ. ಕೊಬ್ಬರಿ ಆರಿಸಿದ ಕಣ್ಣು ನಿಂದು. ಈ ತಂತಿ ಎಲ್ಲೋಯ್ತು ನೋಡು.”

ನಾನು ಕೈ ಒರೆಸಿಕೊಂಡು ಬಗ್ಗಿದೆ. ಮೇಷ್ಟ್ರು ತಿರುಪು ನನ್ನ ಕೈಗೆ ಕೊಟ್ಟರು. ತಿರುಗಿಸಿದೆ. ಕಪ್ಪು ತಂತಿ ಮಂಕಾಯಿತು, ಇನ್ನೂ ಮಂಕಾಯಿತು, ಆಮೇಲೆ ಇಲ್ಲ. ಬರೀ ಕೆಂಪು ಬಯಲು.

“ಹೋಯ್ತು ಸಾ.”

“ಕೆಡಿಸಿ ಇನ್ನೊಂದು ಸಲ. ಈಗ ಹೊಳೆಯೋ ಕಡೆಯಿಂದ ಬನ್ನಿ.”

ಹತ್ತು ಸಲ ಮಾಡಿಸಿದರು. ಅಂಕಿಗಳ ಮೇಲೆ ರಟ್ಟು ಮುಚ್ಚಿದ್ದರಿಂದ ನನಗೆ ಏನೂ ಕಾಣುತ್ತಿರಲಿಲ್ಲ. ಅವರು ಹತ್ತೂ ಅಂಕಿಗಳನ್ನು ಪುಸ್ತಕದಲ್ಲಿ ಬರೆದು ಒಂದಕ್ಕೊಂದು ಹೋಲಿಸಿದರು. ಆಮೇಲೆ ಬಾಬು ಸಾಬರಿಗೆ, “ಮೂರು ಡಿಗ್ರಿ ಒಳಗೇ ಇದೆಯಲ್ಲಪ್ಪ” ಅಂದರು. ಅವತ್ತಿನಿಂದ ಕಸಬರಿಕೆ ಬೇರೆಯವರಿಗೆ ಹೋಯಿತು.

ಮೇಷ್ಟ್ರ ಪದ್ಧತಿ ಕಟ್ಟುನಿಟ್ಟು. ಅಂಕಿ ನೋಡುವವರು ಒಬ್ಬರು, ತಂತಿ ನೋಡುವವರು ಇನ್ನೊಬ್ಬರು. ಹಿಂದಿನ ಅಂಕಿ ಎಷ್ಟಿತ್ತೆಂದು ತಂತಿ ನೋಡುವವರಿಗೆ ಹೇಳಕೂಡದು. ಹೇಳಿದರೆ ಕಣ್ಣು ಆ ಕಡೆಗೇ ವಾಲುತ್ತದೆ. ಹೊಸದಾಗಿ ಕೆಲಸಕ್ಕೆ ಬರುವವರು ಇದನ್ನು ತಿಳಿದುಕೊಳ್ಳಿ. ಮೊದಲೇ ಉತ್ತರ ಗೊತ್ತಿದ್ದರೆ ನೀವು ನೋಡುವುದಿಲ್ಲ, ಒಪ್ಪಿಸುತ್ತೀರಿ.

ನಾನೂ ಒಮ್ಮೆ ಒಪ್ಪಿಸಿದೆ. ಶೆಟ್ಟಿಕೆರೆಯಲ್ಲಿ ತಂಗಿಯ ಮಗುವಿನ ನಾಮಕರಣ, ಮಧ್ಯಾಹ್ನದ ಬಸ್ಸಿಗೆ ಹೋಗಬೇಕಿತ್ತು. ತಂತಿ ಇನ್ನೂ ಮಸುಕಾಗಿ ಕಾಣುತ್ತಿರುವಾಗಲೇ ಹೋಯ್ತು ಹೋಯ್ತು ಅಂತ ನಾಲ್ಕು ಸಲ ಅಂದೆ. ಮೇಷ್ಟ್ರು ಪುಸ್ತಕ ಮುಚ್ಚಿದರು.

“ಹೋಗಿದ್ದು ತಂತಿನಾ, ಬಸ್ಸಾ?”

ಬೆಳಗಿನಿಂದ ಕಾಯಿಸಿದ್ದೆಲ್ಲ ವ್ಯರ್ಥ ಮಾಡಿ ಕುಲುಮೆ ಆರಿಸಿದರು. “ಹೋಗಿ ಬನ್ನಿ, ಊಟ ಮಾಡ್ಕೊಂಡು ಬನ್ನಿ” ಅಂದರು. ಬೈದಿದ್ದರೆ ಚೆನ್ನಾಗಿತ್ತು. ನಾಮಕರಣದ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ ಅಂತೇನೂ ಬರೆಯುವುದಿಲ್ಲ, ಎರಡು ತಿಂದೆ. ಆದರೆ ಮತ್ತೆ ಯಾವತ್ತೂ ಸುಳ್ಳು ಹೇಳಲಿಲ್ಲ.

ಹೀಗೆ ವರ್ಷಗಳು ಹೋದವು. ಟೈಟಾನಿಯಂ ಮುಗಿಯಿತು. ಜಿರ್ಕೋನಿಯಂ ಮುಗಿಯಿತು. ಮೇಷ್ಟ್ರು ಕಾಗದದ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆದು ತೋರಿಸುತ್ತಿದ್ದರು. ಒಂದೊಂದು ಚುಕ್ಕೆ ನಮ್ಮ ಒಂದೊಂದು ದಿನ. ಗೆರೆ ಚುಕ್ಕೆಗಳನ್ನು ಮುಟ್ಟಿಕೊಂಡು ಮೇಲಕ್ಕೆ ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ತುಂಬುತ್ತಿತ್ತು. ಹಾಗೆ ಹೊಟ್ಟೆ ತುಂಬಿದ್ದು ಬದುಕಿನಲ್ಲಿ ಬಹಳ ಸಲ ಇಲ್ಲ.

ಹಾಫ್ನಿಯಂಗೆ ಕೈಹಾಕುವ ಹೊತ್ತಿಗೆ ಎಂಬತ್ತರ ದಶಕ ಬಂದಿತ್ತು. ಬೆಂಗಳೂರಿನವರು ಕುಲುಮೆ ವಾಪಸು ಕೇಳಿದ್ದರು. ಯುಗಾದಿಯವರೆಗೆ ಮಾತ್ರ ಗಡುವು. ಕುಲುಮೆಯೊಳಗಿನ ಗ್ರಾಫೈಟ್ ಕೊಳವೆಗಳು ಹೊರದೇಶದವು. ಬಳಸಿದಷ್ಟೂ ಸವೆಯುತ್ತವೆ, ಸವೆದರೆ ಒಡೆಯುತ್ತವೆ. ಉಳಿದಿದ್ದವು ಮೂರು. ಮುಂಚೆ ತಿಂಗಳಿಗೊಮ್ಮೆ ಬಣ್ಣವಿಲ್ಲದ ನೀಲದ ಕಲ್ಲನ್ನು, ಮೇಷ್ಟ್ರು ಸಫೈರ್ ಅನ್ನುತ್ತಿದ್ದದ್ದನ್ನು, ಬೀಳಿಸಿ ಪರೀಕ್ಷೆ ಮಾಡುತ್ತಿದ್ದೆವು. ಆ ಕಲ್ಲು ಎಷ್ಟು ಶಾಖ ಕುಡಿಯುತ್ತದೆಂದು ಪ್ರಪಂಚಕ್ಕೇ ಗೊತ್ತು. ನಮ್ಮ ಲೆಕ್ಕ ಅದಕ್ಕೆ ಹೊಂದಿದರೆ ನಮ್ಮ ಕೆಲಸ ಸರಿ. ಕೊಳವೆ ಉಳಿಸಲು ಟೈಟಾನಿಯಂ ನಡೆಯುವಾಗಲೇ ಮೇಷ್ಟ್ರು ಈ ಪರೀಕ್ಷೆಯನ್ನೇ ಬಿಟ್ಟಿದ್ದರು. ಅದು ಅವರ ತಪ್ಪು. ನನ್ನದು ಮುಂದೆ ಬರುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿನಿಂದ ಒಬ್ಬ ಡಾಕ್ಟರು ಬಂದರು. ಔಷಧಿ ಕೊಡುವವರಲ್ಲ, ಓದಿದ ಡಾಕ್ಟರು. ನಮ್ಮ ಲೆಕ್ಕವೆಲ್ಲ ಅಚ್ಚಿಗೆ ಹೋಗುವ ಮುಂಚೆ ಅವರು ಒಪ್ಪಬೇಕಿತ್ತು. ಪುಸ್ತಕ ನೋಡಿದರು, ಕೇಳಿದರು.

“ಪೈರೋಮೀಟರ್ ಓದಿದ್ದು ಯಾರು?”

“ಈಕೆ, ಗಂಗಮ್ಮ.”

“ಏನ್ ಓದಿದಾರೆ?”

“ತಂತಿ ಓದ್ತಾರೆ ಸಾರ್, ಇನ್ನೇನೂ ಬೇಕಾಗಿಲ್ಲ” ಅಂದರು ಬಾಬು ಸಾಬರು. ಡಾಕ್ಟರು ನಗಲಿಲ್ಲ. ನೀಲದ ಕಲ್ಲು ಬೀಳಿಸಿ ಅಂದರು.

ಬೀಳಿಸಿದೆವು. ಹೊಂದಲಿಲ್ಲ. ಕಲ್ಲು ಕುಡಿಯಬೇಕಾದದ್ದಕ್ಕಿಂತ ಹೆಚ್ಚು ಶಾಖ ಕುಡಿದಿತ್ತು. ಅಂದರೆ ಕುಲುಮೆ ನಾನು ಹೇಳಿದ್ದಕ್ಕಿಂತ ಇಪ್ಪತ್ತು ಡಿಗ್ರಿ ಹೆಚ್ಚು ಬಿಸಿ ಇತ್ತು. ಪೈರೋಮೀಟರನ್ನು ಬಿಸಿ ಗೊತ್ತಿದ್ದ ಬೇರೆ ದೀಪದ ಮುಂದೆ ಇಟ್ಟು ಡಾಕ್ಟರೇ ನೋಡಿದರು, ಅದು ಸರಿಯಾಗಿಯೇ ಇತ್ತು. ಉಳಿದದ್ದು ನನ್ನ ಕಣ್ಣು.

“ಆಕೆ ಕಣ್ಣು ಯಾವಾಗಿಂದ ಕೆಟ್ಟಿದೆಯೋ ಯಾರಿಗೆ ಗೊತ್ತು ಮರುಳಯ್ಯ? ಹಾಫ್ನಿಯಂ ಒಂದೇ ಅಲ್ಲ, ಟೈಟಾನಿಯಂ, ಜಿರ್ಕೋನಿಯಂ, ಯಾವುದನ್ನೂ ನಾನು ಒಪ್ಪೋಕಾಗಲ್ಲ” ಅಂದರು ಡಾಕ್ಟರು. “ನಾಳೆ ಹೊರಡೋದರೊಳಗೆ ಏನಾದ್ರೂ ಕಾರಣ ಸಿಕ್ಕಿದರೆ ಹೇಳಿ.”

ಅಷ್ಟೂ ವರ್ಷದ ಚುಕ್ಕೆಗಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ನನ್ನ ಕಡೆ ನೋಡಲಿಲ್ಲ.

ಮನೆಗೆ ಹೋದೆ. ಕಣ್ಣು ಕೆಟ್ಟಿಲ್ಲ ಅಂತ ನನಗೆ ಗೊತ್ತಿತ್ತು. ಅಂಗಳದ ಅಕ್ಕಿಯಲ್ಲಿ ಕಲ್ಲು ಎದ್ದು ಕಾಣುತ್ತಿತ್ತು. ಹಾಗಾದರೆ ಏನು? ಸಂಜೆ ಕಾಲು ತೊಳೆದು ಬಂದು, ಚಳಿಗೆ ಒಡೆದ ಕೈಗೆ ಹಚ್ಚಲು ಕೊಬ್ಬರಿ ಎಣ್ಣೆಯ ಸೀಸೆ ತೆಗೆದೆ. ಎಣ್ಣೆ ಹೆಪ್ಪುಗಟ್ಟಿತ್ತು. ಒಲೆಯ ಪಕ್ಕ ಇಟ್ಟು ಕರಗಿಸಿ ಅಂಗೈಗೆ ಸುರಿದುಕೊಂಡು ತಿಕ್ಕಿದೆ, ಮೊಣಕೈವರೆಗೂ ತಿಕ್ಕಿದೆ. ಉಳಿದದ್ದನ್ನು ಸೆರಗಿಗೆ ಒರೆಸಿದೆ. ಒರೆಸಿದ ಕೈ ಅಲ್ಲೇ ನಿಂತಿತು.

ನಮ್ಮ ಸೀಮೆಯಲ್ಲಿ ಚಳಿಗಾಲಕ್ಕೆ ಇದನ್ನು ಮಾಡದವರು ಯಾರೂ ಇಲ್ಲ. ದಿನಾ ಬೆಳಗ್ಗೆ ಕುಲುಮೆಯ ಕಿಂಡಿಯ ಗಾಜು ಒರೆಸುವುದು ನನ್ನ ಕೆಲಸ. ಸ್ಪಿರಿಟ್ಟು ಹಾಕಿ ಹತ್ತಿಯಲ್ಲಿ ಒರೆಸಬೇಕು ಅಂತ ಮೇಷ್ಟ್ರು ಹೇಳಿದ್ದರು. ಚಳಿ ಶುರುವಾದಾಗ ಸ್ಪಿರಿಟ್ಟು ಮುಗಿಯಿತು. ಬೇಕೆಂದು ಮೇಷ್ಟ್ರು ಚೀಟಿ ಬರೆದು ಕಳಿಸಿದರು, ಬರಲೇ ಇಲ್ಲ. ನಾನು ಸೆರಗಿನಲ್ಲಿ ಒರೆಸಿದೆ. ಫಳಫಳ ಅನ್ನುತ್ತಿತ್ತು ಗಾಜು. ಫಳಫಳ ಅಂದದ್ದು ಎಣ್ಣೆ. ಮೇಲೆ ಕುಲುಮೆಯ ಕಾವು. ದಿನದಿನಕ್ಕೂ ಆ ಎಣ್ಣೆ ಸೀದು ಗಾಜಿಗೆ ಹತ್ತಿಕೊಂಡಿದೆ. ಒಳಗಿನ ಬೆಳಕು ಮಂಕಾಗಿ ಹೊರಗೆ ಬಂದಿದೆ. ಮಂಕು ಬೆಳಕಿಗೆ ಸರಿಯಾಗಿ ನಾನು ತಂತಿ ಮರೆಮಾಡಿದ್ದೇನೆ. ಕಣ್ಣು ಸರಿ, ಕೈ ತಪ್ಪು.

ಹೇಳದಿದ್ದರೂ ನಡೆಯುತ್ತಿತ್ತು. ಕಣ್ಣು ಕೆಟ್ಟಿತು ಅಂದರೆ ವಯಸ್ಸು ಅನ್ನುತ್ತಾರೆ, ಮತ್ತೆ ಕಸಬರಿಕೆ ಕೊಡುತ್ತಾರೆ. ಹೇಳಿದರೆ ನನ್ನ ಸೋಮಾರಿತನ ಅನ್ನುತ್ತಾರೆ, ಕೆಲಸವೇ ಹೋಗಬಹುದು. ಹೆದರಿಕೆ ಆಯಿತು. ಸುಳ್ಳೇಕೆ. ಆದರೆ ಕಾರಣ ಸಿಗದೆ ಡಾಕ್ಟರು ಬಸ್ಸು ಹತ್ತಿದರೆ ಮೇಷ್ಟ್ರ ಗೆರೆಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲ.

ಬೆಳಗ್ಗೆ ಬೇಗ ಹೋಗಿ ಮೇಷ್ಟ್ರಿಗೆ, ಡಾಕ್ಟರಿಗೆ ಇಬ್ಬರಿಗೂ ಹೇಳಿದೆ. ನಿಂತುಕೊಂಡೇ ಹೇಳಿದೆ. ಮೇಷ್ಟ್ರು ಕಿಂಡಿಯ ಗಾಜು ಬಿಚ್ಚಿ ಹೊಸ ಗಾಜಿನ ಪಕ್ಕ ಬಿಸಿಲಿಗೆ ಹಿಡಿದರು. ನಮ್ಮದು ತೆಳು ಟೀ ಬಣ್ಣ. ಬಾಬು ಸಾಬರು ಎಲ್ಲಿಂದಲೋ ಸ್ಪಿರಿಟ್ಟು ತಂದರು. ಒರೆಸಿದ ಹತ್ತಿ ಕಂದಾಯಿತು.

“ಸ್ಪಿರಿಟ್ ಮುಗಿದಿದ್ದು ಯಾವತ್ತು?” ಡಾಕ್ಟರು ಕೇಳಿದರು.

“ಮನೇಲಿ ಎಣ್ಣೆ ಹೆಪ್ಪು ಕಟ್ಟಿದ ವಾರ ಸಾ.”

“ಅದು ಯಾವ ತಾರೀಕಮ್ಮಾ!”

ಮೇಷ್ಟ್ರು ಆಗಲೇ ಪುಸ್ತಕದ ಪುಟ ತಿರುಗಿಸಿದ್ದರು. ಸ್ಪಿರಿಟ್ಟಿಗೆ ಚೀಟಿ ಬರೆದ ತಾರೀಕು ಅದರಲ್ಲಿತ್ತು. ಟೈಟಾನಿಯಂ, ಜಿರ್ಕೋನಿಯಂ ಎರಡೂ ಅದಕ್ಕೆ ಬಹಳ ಮುಂಚೆಯೇ ಮುಗಿದಿದ್ದವು. ಹಾಫ್ನಿಯಂ ಮಾತ್ರ ಅಷ್ಟೂ ಅದರ ಈಚೆಗೆ.

ಡಾಕ್ಟರು ಬಸ್ಸು ಬಿಟ್ಟು ಉಳಿದುಕೊಂಡರು. ಗಾಜು ಹಾಕಿ ನೀಲದ ಕಲ್ಲು ಮತ್ತೆ ಬೀಳಿಸಿದೆವು. ಈ ಸಲ ದುರ್ಬೀನಿನಲ್ಲಿ ಅವರೂ ನೋಡಿದರು. ಅವರು ನಾಲ್ಕು ಸಲ, ನಾನು ನಾಲ್ಕು ಸಲ. ಅಂಕಿ ಬರೆದದ್ದು ಮೇಷ್ಟ್ರು, ನಮಗೆ ತೋರಿಸಲಿಲ್ಲ. ಸಂಜೆ ಲೆಕ್ಕ ಹಾಕಿದರು. ಹೊಂದಿತು.

“ಯಾರ ಕಣ್ಣಿನ ಲೆಕ್ಕ ಹಾಕಿದ್ರಿ?” ಅಂದರು ಡಾಕ್ಟರು.

“ನಿಮ್ಮದು ಹನ್ನೊಂದು ಡಿಗ್ರಿ ಆಚೀಚೆ ಓಡಾಡಿತ್ತು ಸರ್. ಗಂಗಮ್ಮಂದೇ ಹಾಕಿದೆ.”

ಬಾಬು ಸಾಬರು ಟ್ರಾನ್ಸ್‌ಫಾರ್ಮರಿನ ಹಿಂದೆ ಹೋಗಿ ನಕ್ಕರು. ಡಾಕ್ಟರು ಮೊದಲೆರಡು ಬೋರೈಡುಗಳಿಗೆ ರುಜು ಹಾಕಿ, ಹಾಫ್ನಿಯಂ ಪುಟಗಳ ಮೇಲೆ ಅಡ್ಡಗೆರೆ ಎಳೆದರು. ಎಳೆಯಬೇಕಾದದ್ದೇ. ಮೇಷ್ಟ್ರು ನನ್ನನ್ನು ಒಂದೇ ಒಂದು ಮಾತು ಕೇಳಿದರು.

“ಸೆರಗಲ್ಲಿ ಒರೆಸ್ತಾ ಇದೀನಿ ಅಂತ ಅವತ್ತೇ ಯಾಕೆ ಹೇಳಲಿಲ್ಲಮ್ಮ?”

“ಅದೂ ಒಂದು ಹೇಳಾ ವಿಷ್ಯ ಅಂತ ಅನ್ನಿಸಲಿಲ್ಲ ಸಾ.”

ಕೆಲಸಕ್ಕೆ ಸೇರುವ ಹುಡುಗಿಯರೇ, ಇಲ್ಲಿ ಒಂದು ಗಳಿಗೆ ನಿಂತು ಓದಿ. ಹೇಳುವಂಥದ್ದಲ್ಲ ಅನ್ನಿಸಿದ್ದನ್ನೇ ಮೊದಲು ಹೇಳಿ.

ಯುಗಾದಿಗೆ ಎರಡು ತಿಂಗಳಿತ್ತು. ಸವೆಯದ ಕೊಳವೆ ಒಂದೇ ಒಂದು. ಹಾಫ್ನಿಯಂ ಗೆರೆ ಎಳೆಯಲು ಹನ್ನೆರಡು ಚುಕ್ಕೆ ಬೇಕು. ಮೇಷ್ಟ್ರು, “ಆದಷ್ಟು ನೋಡೋಣ” ಅಂದರು. ನಾನು ಕೈಗೆ ಎಣ್ಣೆ ಹಚ್ಚುವುದನ್ನು ಬಿಟ್ಟೆ. ಬೆರಳ ಸಂದು ಒಡೆದು ರಕ್ತ ಬರುತ್ತಿತ್ತು, ಬಟ್ಟೆ ಸುತ್ತಿಕೊಂಡು ಹೋಗುತ್ತಿದ್ದೆ. ವಾರಕ್ಕೊಂದು ರಜೆ, ವಾರಕ್ಕೊಂದು ಚುಕ್ಕೆ. ಮೇಷ್ಟ್ರು ಪಾಠಕ್ಕೆ ರಜೆ ಹಾಕಿ ಮಿಲ್ಲಿನವರ ಕೈಕಾಲು ಹಿಡಿದು ಇನ್ನೊಂದೆರಡು ದಿನ ಗಿರಣಿ ನಿಲ್ಲಿಸಿದರು. ಹೀಗೆ ಐದು ಚುಕ್ಕೆ ಸಿಕ್ಕವು. ಆ ಐದು ದಿನ ನಾನು ನೋಡಿದ ಹಾಗೆ ಜನ್ಮದಲ್ಲಿ ಏನನ್ನೂ ನೋಡಿಲ್ಲ. ಹಾಫ್ನಿಯಂ ಎಲ್ಲಕ್ಕಿಂತ ಹೆಚ್ಚಿನ ಬಿಸಿಗೆ ಹೋಗುತ್ತಿತ್ತು. ಬಯಲು ಕೆಂಪಾಗಿದ್ದರೂ ಅದರ ಹಿಂದೆ ಏನೋ ತುಂಬಿ ತುಳುಕುವ ಹಾಗೆ ಕಾಣುತ್ತಿತ್ತು. ತಂತಿ ಕರಗಿ ಅದರೊಳಗೆ ಸೇರುವಾಗ ಉಸಿರು ಹಿಡಿಯುತ್ತಿದ್ದೆ. ಹೋಯ್ತು ಅಂದರೆ ಮೇಷ್ಟ್ರ ಪೆನ್ನು ಕರಕರ ಅನ್ನುತ್ತಿತ್ತು.

ಆರನೆಯ ದಿನ ಕಾದು ನಿಂತಿದ್ದ ಕುಲುಮೆಗೆ ಕರೆಂಟು ಹೋಯಿತು. ಬಾಬು ಸಾಬರು ಚಕ್ರ ಕೆಳಗಿಳಿಸುವುದರೊಳಗೆ ಅಷ್ಟೇ ರಭಸದಲ್ಲಿ ವಾಪಸು ಬಂತು. ಒಳಗೆ ಟಕ್ ಅಂತ ಒಂದು ಸದ್ದು. ತಟ್ಟೆ ಒಡೆದಷ್ಟೂ ದೊಡ್ಡದಲ್ಲ. ಕೊಳವೆ ಉದ್ದಕ್ಕೆ ಸೀಳಿತ್ತು.

“ಐದು ಚುಕ್ಕೇಲಿ ಗೆರೆ ಎಳೆಯೋಕೆ ಬರಲ್ವಾ ಸಾ?”

“ಬರುತ್ತೆ ಗಂಗಮ್ಮ. ಆದರೆ ಅದು ಊಹೆ ಆಗುತ್ತೆ.”

ಎಳೆಯಲಿಲ್ಲ. ಲಾರಿ ಬಂತು, ಕುಲುಮೆ ಹೋಯಿತು, ದುರ್ಬೀನೂ ಹೋಯಿತು. ಹಾಫ್ನಿಯಂ ಬಿಲ್ಲೆ ಕೊಟ್ಟವರಿಗೆ ವಾಪಸು ಹೋಯಿತು. ಅಚ್ಚಾದ ಲೇಖನದಲ್ಲಿ ಎರಡೇ ಬೋರೈಡು. ನನ್ನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ನಿವೃತ್ತಿಯಾಗುವವರೆಗೆ ಅದೇ ಕಾಲೇಜಿನಲ್ಲಿ ಹುಡುಗರ ಟೆಸ್ಟ್‌ಟ್ಯೂಬು ತೊಳೆದೆ. ಕೆಲಸ ಚೆನ್ನಾಗಿಯೇ ಮಾಡಿದೆ. ಆದರೆ ಆ ಕೆಲಸದಲ್ಲಿ ಯಾರೂ ನಿನಗೇನು ಕಾಣುತ್ತದೆ ಅಂತ ಕೇಳಲಿಲ್ಲ, ನಾನು ಹೇಳುವವರೆಗೆ ಪೆನ್ನು ಹಿಡಿದು ಕಾಯಲಿಲ್ಲ.

ಮೇಷ್ಟ್ರು ಈಗಿಲ್ಲ. ಈಗ ಬಿಸಿಯನ್ನು ಯಂತ್ರವೇ ಓದಿ ಅಂಕಿ ತೋರಿಸುತ್ತದಂತೆ, ಕಣ್ಣು ಬೇಕಾಗಿಲ್ಲ. ಒಳ್ಳೆಯದೇ. ಯಂತ್ರಕ್ಕೆ ಕೈ ಒಡೆಯುವುದಿಲ್ಲ. ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಬಾಬು ಸಾಬರು ಸಿಕ್ಕಿದ್ದರು. ಹಲ್ಲೆಲ್ಲ ಉದುರಿವೆ, ಬಾಯಿ ಉದುರಿಲ್ಲ. ಬೆಂಚಿನ ಮೇಲೆ ಕೂತು ಕಡಲೆಕಾಯಿ ಬಿಡಿಸಿ ನನಗೆ ಕೊಡುತ್ತ ಹಳೆಯದನ್ನೆಲ್ಲ ಮಾತಾಡಿದರು. ನಾನು ಹಾಫ್ನಿಯಂ ಮಾತು ತೆಗೆದೆ.

“ಇನ್ನೂ ಅದನ್ನೇ ಹಿಡ್ಕೊಂಡಿದೀಯಲ್ಲ ಗಂಗಕ್ಕಾ. ಬುಡು ಅತ್ಲಾಗೆ. ರಷ್ಯಾದೋರೋ ಅಮೇರಿಕಾದೋರೋ ಯಾವತ್ತೋ ಅಳೆದಾಕಿರ್ತಾರೆ.”

“ಅಳೆದಿರ್ತಾರೆ ಬುಡಿ. ನಾನು ಅಳೀಲಿಲ್ಲವಲ್ಲ.”

ಅವರ ಬಸ್ಸು ಬಂತು, ಹತ್ತಿಕೊಂಡು ಹೋದರು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಹನ್ನೆರಡು ಚುಕ್ಕೆಯಲ್ಲಿ ಐದು ಆಗಿತ್ತು. ಇನ್ನು ಏಳು. ವಾರಕ್ಕೊಂದರಂತೆ ಮಾಡಿದರೂ ಎರಡು ತಿಂಗಳು ಸಾಕು. ಯಾರಾದರೂ ಕುಲುಮೆ ಕಾಯಿಸಿ ಬಾ ಅಂದರೆ, ಈ ಕಣ್ಣಿನಲ್ಲಿ ಈಗ ಎಷ್ಟು ಕಾಣುತ್ತದೋ ನೋಡಿಯೇಬಿಡೋಣ ಅಂತ ಇವತ್ತೇ ಹೊರಡುತ್ತೇನೆ.